ಯುರೋಪಿಗೆ ಹೋಗಲು ಒಳ್ಳೆಯ ತಿಂಗಳು

ನನಗೊಂದು ಕಾಯಿಲೆಯಿದೆ. ವೈದ್ಯರ ಬಳಿ ಹೋಗುವಂಥದ್ದಲ್ಲ. ಹೋಗುವಂಥದ್ದಾಗಿದ್ದರೂ ನಾನು ಹೋಗುತ್ತಿರಲಿಲ್ಲ. ಯಾವ ಹೊತ್ತಿಗೆ ಹೋದರೆ ಅಲ್ಲಿ ಜನ ಕಡಿಮೆ ಇರುತ್ತಾರೆ ಎಂದು ಯೋಚಿಸುವಷ್ಟರಲ್ಲಿ ಕಾಯಿಲೆ ತಾನಾಗಿಯೇ ವಾಸಿಯಾಗಿಬಿಡುತ್ತಿತ್ತು. ಅದೇ ನನ್ನ ಕಾಯಿಲೆ. ಯಾವ ಕೆಲಸವನ್ನಾದರೂ ಮಾಡಬೇಕೋ ಬೇಡವೋ ಎಂಬುದರಲ್ಲಿ ನನಗೆ ಅನುಮಾನವಿರುವುದಿಲ್ಲ; ಯಾವಾಗ ಮಾಡಬೇಕು ಎಂಬುದರಲ್ಲಿ ಮಾತ್ರ ಮುಗಿಯದ ಅನುಮಾನ. ಕ್ಷೌರಕ್ಕೆ ಭಾನುವಾರ ಹೋದರೆ ಗದ್ದಲ, ಮಂಗಳವಾರ ಅಂಗಡಿ ರಜ, ಗುರುವಾರ ಸಂಜೆ ಹೋಗೋಣವೆಂದರೆ ಅಷ್ಟರಲ್ಲಿ ಭಾನುವಾರ ಹತ್ತಿರ ಬಂತು ಎನ್ನಿಸುತ್ತದೆ. ನನ್ನ ತಲೆ ನೋಡಿದವರಿಗೆ ಈ ಮಾತು ಸುಳ್ಳಲ್ಲವೆಂದು ತಿಳಿಯುತ್ತದೆ. ನಮ್ಮ ಮದುವೆಗೂ ನಾನೇ ತಿಂಗಳು ಆರಿಸುವುದಾಗಿದ್ದರೆ ಇವತ್ತಿಗೂ ಬ್ರಹ್ಮಚಾರಿಯಾಗಿ ಇರುತ್ತಿದ್ದೆ. ಮಾವನವರು ಪುರೋಹಿತರನ್ನು ಕೇಳಿ ನನಗೆ ದಿನಾಂಕ ಮಾತ್ರ ತಿಳಿಸಿದರು. ಬದುಕಿಕೊಂಡೆ.

ಈ ಕಾಯಿಲೆಯವನಿಗೆ ಭೂಗೋಳದ ಮೇಷ್ಟರ ಕೆಲಸ ಸಿಕ್ಕಿದ್ದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಹೇಳಲಾರೆ. ತಮಿಳುನಾಡಿಗೆ ಸೇರಿದ ಗಡಿಯೂರು ಹೊಸೂರಿನ ಒಂದು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಮೂವತ್ತು ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. ಸ್ಟಾಫ್ ರೂಮಿನಲ್ಲಿ ತಮಿಳು, ಬಸ್ ಸ್ಟ್ಯಾಂಡಿನಲ್ಲಿ ತೆಲುಗು, ತರಗತಿಯಲ್ಲಿ ಮಾತ್ರ ಶುದ್ಧ ಕನ್ನಡ. ಈ ಮೂರರಲ್ಲೂ ನಾನು ಹೆಚ್ಚು ಹೇಳಿರುವುದು ಹವಾಮಾನದ ಬಗ್ಗೆಯೇ. ಹೊಸೂರಿನವನಿಗೆ ಹವಾಮಾನವನ್ನು ಪುಸ್ತಕದಿಂದ ಕಲಿಯಬೇಕಾದ್ದೇ ಇಲ್ಲ. ಜನವರಿಯಲ್ಲಿ ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು ಕೃಷ್ಣಗಿರಿಯ ಬಸ್ಸು ಹತ್ತಿದರೆ ಶೂಲಗಿರಿಯಲ್ಲಿ ಅದನ್ನು ಬಿಚ್ಚಬೇಕು, ಕೃಷ್ಣಗಿರಿಯಲ್ಲಿ ಇಳಿದ ಮೇಲೆ ಅದನ್ನು ಯಾಕೆ ತಂದೆವೆಂದು ಬೈದುಕೊಳ್ಳಬೇಕು. ಒಂದು ಜಿಲ್ಲೆಯೊಳಗೇ ಇಷ್ಟು. ಅಂಥದ್ದರಲ್ಲಿ ಇಡೀ ಮೆಡಿಟರೇನಿಯನ್ ಪ್ರದೇಶಕ್ಕೆ ನಮ್ಮ ಪಠ್ಯಪುಸ್ತಕ ಕೊಟ್ಟಿರುವುದು ಒಂದೇ ಸಾಲು: ‘ಬೇಸಿಗೆ ಒಣ, ಚಳಿಗಾಲ ಮಳೆ.’ ಆ ಒಂದು ಸಾಲನ್ನು ಮೂವತ್ತು ವರ್ಷ ಹೇಳಿಕೊಟ್ಟು ಹೊಟ್ಟೆ ಹೊರೆದುಕೊಂಡಿದ್ದೇನೆ. ಒಮ್ಮೆ ಗುಮ್ಮಳಾಪುರದ ಕಡೆಯ ಒಬ್ಬ ಹುಡುಗಿ ಎದ್ದು ನಿಂತು, “ಸಾರ್, ಬೇಸ್ಗೆನಾಗೆ ಮಳೆ ಇಲ್ಲ, ಚಳಿಗಾಲ್ದಾಗೆ ಮಳೆ ಅಂದ್ರೆ ಅವ್ರು ರಾಗಿ ಯಾವಾಗ ಬಿತ್ತಾರೆ?” ಎಂದು ಕೇಳಿದಳು. ಅಲ್ಲಿ ರಾಗಿ ಬೆಳೆಯುವುದಿಲ್ಲ ಎಂದೆ. “ಮತ್ತೆ ಏನು ತಿಂತಾರೆ?” ಎಂದಳು. ಗಂಟೆ ಹೊಡೆಯಿತು.

ನನ್ನ ಹೆಂಡತಿ ವಿಮಲ ಹತ್ತಿರದ ಬೇರಿಕೆ ಎಂಬ ಊರಿನವಳು. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದಾಳೆ. ಮೂಕಂಡಪಲ್ಲಿಯ ಕಾರ್ಖಾನೆಗಳಿಗೆ ಉತ್ತರದಿಂದ ಬಂದವರ ಹೆಂಗಸರೆಲ್ಲ ಅವಳಲ್ಲಿಗೇ ಬರುವುದರಿಂದ, ನಾನು ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಒಳ್ಳೆಯ ಇಂಗ್ಲಿಷನ್ನು ಅವಳು ತೋಳಿನ ಅಳತೆ ತೆಗೆಯುತ್ತ ಕಲಿತಿದ್ದಾಳೆ. ಅವಳ ತಮ್ಮ ಮುನಿರಾಜು ಬೇರಿಕೆಯಲ್ಲಿ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸ್ ಹಾಕಿ ಗುಲಾಬಿ ಬೆಳೆಯುತ್ತಾನೆ. ಡಿಸೆಂಬರಿನಲ್ಲಿ ಗಿಡ ಸವರಿ ಕಾದರೆ ಜನವರಿ ಕೊನೆಗೆ ಸರಿಯಾಗಿ ಕೆಂಪು ಮೊಗ್ಗು. ಅವನ್ನು ತಣ್ಣನೆಯ ಕೋಣೆಯಲ್ಲಿಟ್ಟು, ಕಾಂಡದ ಉದ್ದ ನೋಡಿ, ಇಪ್ಪತ್ತಿಪ್ಪತ್ತು ಸೇರಿಸಿ ಕಾಗದದಲ್ಲಿ ಸುತ್ತಿ, ಪೆಟ್ಟಿಗೆಗೆ ತುಂಬಿ ಬೆಂಗಳೂರಿನಿಂದ ಯುರೋಪಿಗೆ ಹೋಗುವ ವಿಮಾನಕ್ಕೆ ಕಳಿಸಬೇಕು. ಆ ಎರಡು ವಾರ ವಿಮಲ ಅಂಗಡಿ ಮುಚ್ಚಿ ತವರಿಗೆ ಹೋಗಿ ಹೂವಿನ ಕಟ್ಟು ಕಟ್ಟುತ್ತಾಳೆ. ಅಷ್ಟು ವರ್ಷ ಕಟ್ಟಿಯೂ ಆ ಹೂವು ಕೊನೆಗೆ ಯಾರ ಮನೆಯಲ್ಲಿ, ಯಾವ ಪಾತ್ರೆಯಲ್ಲಿ ಇರುತ್ತದೆ ಎಂದು ಅವಳು ಕಂಡಿರಲಿಲ್ಲ. ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ ದಿನ ಏನು ಬೇಕು ಎಂದು ಕೇಳಿದೆ. ಸೀರೆ ಎನ್ನುತ್ತಾಳೆಂದುಕೊಂಡಿದ್ದೆ. “ನಮ್ಮ ಹೂವ ಹೋಗೋ ಊರು ನೋಡ್ಬೇಕು ಕಣ್ರೀ. ಅದನ್ನ ತಗೊಳೋರ ಮುಖ ನೋಡ್ಬೇಕು” ಎಂದಳು.

ನನಗೆ ರೋಮಾಂಚನವಾಯಿತು. ಮೂವತ್ತು ವರ್ಷ ಪಾಠ ಹೇಳಿದ ಖಂಡವನ್ನು ಕಣ್ಣಾರೆ ನೋಡುವ ಅವಕಾಶ! “ಹೋಗೋಣ. ಖಂಡಿತ ಹೋಗೋಣ. ಆದರೆ ಸರಿಯಾದ ಋತು ನೋಡಿ ಹೋಗೋಣ” ಎಂದೆ. ಈ ಕೊನೆಯ ಮಾತನ್ನು ನಾನು ಆಡದೆ ಇದ್ದಿದ್ದರೆ ಈ ಪ್ರಬಂಧ ಬರೆಯಬೇಕಾಗುತ್ತಿರಲಿಲ್ಲ. ವಿಮಲ ಮರುವಾರವೇ ಹೋಗಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಳು. ನನ್ನದನ್ನು ಆಮೇಲೆ ಹಾಕಿದರಾಯಿತು ಎಂದೆ. ಅದಕ್ಕೆ ನನ್ನ ಬಳಿ ಕಾರಣವಿತ್ತು: ಪಾಸ್‌ಪೋರ್ಟಿಗೆ ಆಯುಸ್ಸು ಹತ್ತೇ ವರ್ಷ, ತಿಂಗಳು ನಿಶ್ಚಯವಾಗುವ ಮೊದಲೇ ಮಾಡಿಸಿಕೊಂಡು ಆ ಆಯುಸ್ಸನ್ನು ಬೀರುವಿನಲ್ಲಿಟ್ಟು ಕಳೆಯುವುದು ಜಾಣತನವಲ್ಲ.

ಒಂದು ದೊಡ್ಡ ಡ್ರಾಯಿಂಗ್ ಹಾಳೆ ತಂದು ಹಾಲಿನ ಗೋಡೆಗೆ ಅಂಟಿಸಿದೆ. ಎಡಗಡೆ ಊರುಗಳು: ಆಮ್‌ಸ್ಟರ್‌ಡ್ಯಾಮ್, ಪ್ಯಾರಿಸ್, ಲಂಡನ್, ರೋಮ್, ವೆನಿಸ್, ವಿಯೆನ್ನಾ. ಮೇಲ್ಗಡೆ ಹನ್ನೆರಡು ತಿಂಗಳು. ಒಳ್ಳೆಯದಕ್ಕೆ ಹಸಿರು, ಕೆಟ್ಟದ್ದಕ್ಕೆ ಕೆಂಪು. ಶುರುವಿನಲ್ಲಿ ಬಹಳ ಖುಷಿಯಾಗಿತ್ತು. ಆಮ್‌ಸ್ಟರ್‌ಡ್ಯಾಮಿಗೆ ಏಪ್ರಿಲ್ ಹಸಿರು, ಟ್ಯುಲಿಪ್ ಹೂವಿನ ಕಾಲ. ಆದರೆ ಏಪ್ರಿಲಿನಲ್ಲಿ ನನಗೆ ಕೃಷ್ಣಗಿರಿಯಲ್ಲಿ ಪರೀಕ್ಷೆಯ ಪೇಪರ್ ತಿದ್ದುವ ಕೆಲಸ. ಟ್ಯುಲಿಪ್ ಅರಳುವ ಹೊತ್ತಿಗೆ ನಾನು ‘ವಾಣಿಜ್ಯ ಮಾರುತ’ ಎಂಬುದನ್ನು ಮಕ್ಕಳು ಎಷ್ಟು ಬಗೆಯಲ್ಲಿ ಬರೆಯಬಲ್ಲರು ಎಂದು ನೋಡುತ್ತಿರುತ್ತೇನೆ. ಪ್ಯಾರಿಸ್ಸಿಗೆ ಮೇ ಹಸಿರು. ಮೇ ತಿಂಗಳಲ್ಲಿ ನನಗೆ ರಜೆಯೂ ಇದೆ. ಆದರೆ ವಿಮಲಳಿಗೆ ಆಗ ಮದುವೆ ರವಿಕೆಗಳ ಭರಾಟೆ. ಅವಳು ಒಂದು ವರ್ಷ ಬಿಡುತ್ತೇನೆಂದಳು. ಆಗ ಇನ್ನೊಂದು ತೊಡಕು ಬಂತು. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ. ಮೇ ಎಂದರೆ ಮಾವು. ವರ್ಷವಿಡೀ ಕೃಷ್ಣಗಿರಿ ಜಿಲ್ಲೆಯಲ್ಲಿದ್ದು, ಮಾವಿನ ಹಣ್ಣು ಬರುವ ತಿಂಗಳು ನೋಡಿ ಜಿಲ್ಲೆ ಬಿಟ್ಟು ಹೋಗುವುದೆಂದರೆ ಏನರ್ಥ? ನಾನು ಹಾಳೆಯ ಮೇಲೆ ಅದನ್ನು ‘ಇತರೆ ಕಾರಣಗಳು’ ಎಂದು ಬರೆದೆ.

ಜೂನ್, ಜುಲೈನಲ್ಲಿ ರಾತ್ರಿ ಹತ್ತರವರೆಗೂ ಬೆಳಕು ಎಂದು ಓದಿ ಹಸಿರು ಬಳಿದೆ. ರೋಮಿನಲ್ಲಿ ಬೆಂಕಿಯಂಥ ಬಿಸಿಲು, ಎಲ್ಲೆಲ್ಲೂ ಜನಜಾತ್ರೆ ಎಂದು ಓದಿ ಅದರ ಮೇಲೇ ಕೆಂಪು ಬಳಿದೆ. ಎರಡೂ ಸೇರಿ ಕಾಫಿ ಬಣ್ಣವಾಯಿತು. ಅಕ್ಟೋಬರಿನಲ್ಲಿ ರೋಮ್ ಚೆನ್ನ. ನಮಗೆ ಆಗ ಕ್ವಾರ್ಟರ್ಲಿ ಪರೀಕ್ಷೆಯ ರಜೆ ಮುಗಿದಿರುತ್ತದೆ. ಡಿಸೆಂಬರಿನಲ್ಲಿ ವಿಯೆನ್ನಾದ ಬೀದಿಗಳಲ್ಲಿ ಕ್ರಿಸ್‌ಮಸ್ ಅಂಗಡಿ ಸಾಲು, ದೀಪ, ಹಿಮ. ಆದರೆ ವಿಮಲಳ ಮಂಡಿಗೆ ಚಳಿ ಆಗದು. ನವೆಂಬರ್ ಒಂದನ್ನು ಮಾತ್ರ ನಾನು ಯಾವ ಯೋಚನೆಯೂ ಇಲ್ಲದೆ ಎಲ್ಲ ಊರಿಗೂ ಕೆಂಪು ಬಳಿದುಬಿಟ್ಟಿದ್ದೆ. ಮಳೆ, ಗಾಳಿ, ಸಂಜೆ ಐದರೊಳಗೆ ಕತ್ತಲೆ, ಮರದಲ್ಲಿ ಎಲೆಯಿಲ್ಲ, ವೆನಿಸ್ಸಿನಲ್ಲಿ ಬೀದಿಗೇ ನೀರು. ಆ ತಿಂಗಳು ಅಲ್ಲಿಗೆ ಹೋಗುವವನಿಗೆ ಭೂಗೋಳ ಗೊತ್ತಿಲ್ಲವೆಂದೇ ಅರ್ಥ ಎಂದು ಮನೆಗೆ ಬಂದವರಿಗೆಲ್ಲ ಹೇಳಿದೆ. ರವಿಕೆ ಹೊಲಿಸಲು ಬಂದವರು ಕೂಡ ಅಳತೆ ಕೊಟ್ಟು, ಹಾಳೆ ನೋಡಿ, “ಸಾರ್, ಈ ವರ್ಷ ಹೋಗ್ತಿದೀರಾ?” ಎಂದು ಕೇಳುವುದು ರೂಢಿಯಾಯಿತು. ಪ್ರವಾಸ ಏರ್ಪಡಿಸುವ ಕಚೇರಿಯ ಒಬ್ಬ ಹೆಣ್ಣುಮಗಳು ಆರು ತಿಂಗಳಿಗೊಮ್ಮೆ ಫೋನು ಮಾಡಿ, “ಯಾವ ತಿಂಗಳು ಸಾರ್?” ಎನ್ನುತ್ತಿದ್ದಳು. ಒಮ್ಮೆ ಅವಳು ಫೋನನ್ನು ಕೈಯಲ್ಲಿ ಮುಚ್ಚಿಕೊಂಡು ಪಕ್ಕದವರಿಗೆ ತಮಿಳಿನಲ್ಲಿ, ‘ಸೀಸನ್ ಸಾರ್ ಲೈನಿನಲ್ಲಿದ್ದಾರೆ’ ಎಂದದ್ದು ನನಗೆ ಕೇಳಿಸಿತು. ಬೇಸರವಾಗಲಿಲ್ಲ. ಯಾವುದೋ ಪದವಿಯಂತೆ ಕಿವಿಗೆ ಹಿತವಾಗಿಯೇ ಇತ್ತು.

ಒಂದು ಭಾನುವಾರ ಮುನಿರಾಜು ಬಂದಿದ್ದ. ಎಸ್ಸೆಸ್ಸೆಲ್ಸಿಗೆ ಓದು ಬಿಟ್ಟವನು; ಬಿಡಲು ಕಾರಣವಾದ ವಿಷಯ ಭೂಗೋಳ ಎಂದು ನನ್ನೆದುರೇ ಹೇಳುತ್ತಾನೆ. ಅವನು ಕಾಫಿ ಲೋಟ ಹಿಡಿದುಕೊಂಡು ಹಾಳೆಯ ಮುಂದೆ ಬಹಳ ಹೊತ್ತು ನಿಂತ.

“ಚೆನ್ನಾಗೈತೆ ಭಾವ. ಆದ್ರೆ ಇದ್ರಾಗೆ ಅವ್ರ ಹಬ್ಬಗಳೇ ಇಲ್ವಲ್ಲ?”

“ಯಾವ ಹಬ್ಬ?”

“ಫೆಬ್ರವರಿ ಹದಿನಾಲ್ಕು ನಿಮ್ಗೂ ಗೊತ್ತು. ಅದಾದ್ಮೇಲೆ ಮಾರ್ಚ್ ಎಂಟು, ಹೆಂಗಸ್ರ ದಿನ. ಇಂಗ್ಲೆಂಡ್ನೋರಿಗೆ ಅಮ್ಮಂದ್ರ ದಿನ ಮಾರ್ಚ್ನಾಗೇ ಬತ್ತದೆ, ಮಿಕ್ಕಿದ್ ಕಡೆ ಮೇನಾಗೆ. ನವೆಂಬರ್ ಒಂದು ಅಂದ್ರೆ ಅವ್ರ ಪಿತೃಪಕ್ಷ ಇದ್ದಂಗೆ. ಸಮಾಧಿ ಮೇಲೆ ಸಾವಂತಿಗೆ ಇಡ್ತಾರೆ, ನಮ್ ಗುಲಾಬಿ ಕೇಳಾಕಿಲ್ಲ. ಜುಲೈ ಆಗಸ್ಟು ಬಂತೂ ಅಂದ್ರೆ ಕೇಳೋರೇ ಇಲ್ಲ.”

“ಯಾಕೆ? ಅದು ಅವರಿಗೆ ಒಳ್ಳೆಯ ಬೇಸಿಗೆಯಲ್ಲವೇ?”

“ಅದಕ್ಕೇ ಭಾವ! ಬಿಸ್ಲು ಬಂತು ಅಂತ ಎಲ್ರೂ ಮನೆಗೆ ಬೀಗ ಹಾಕ್ಕಂಡು ಸಮುದ್ರದ ಕಡೆ ಹೋಗ್ಬುಡ್ತಾರೆ. ಮನೇಲಿ ಹೂವ ಇಕ್ಕಾಕೆ ಯಾರವ್ರೆ?”

ನಾನು ದಂಗಾದೆ. ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಆಗಸ್ಟ್ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಪ್ಯಾರಿಸ್ಸಿನವರು ಇರುವುದಿಲ್ಲ ಎಂದು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ. ಇವನು ಬೇರಿಕೆಯ ಪಾಲಿಹೌಸಿನಲ್ಲಿ ಲುಂಗಿ ಎತ್ತಿಕಟ್ಟಿಕೊಂಡು, ಯಾವ ವಾರ ಯಾವ ಬಣ್ಣ ಕೇಳುತ್ತಾರೆ ಎಂಬುದರಿಂದಲೇ ಒಂದು ಖಂಡದ ಜನ ಯಾವಾಗ ಪ್ರೀತಿಸುತ್ತಾರೆ, ಯಾವಾಗ ಅಳುತ್ತಾರೆ, ಯಾವಾಗ ಮನೆಯಲ್ಲಿರುವುದಿಲ್ಲ ಎಂಬುದನ್ನೆಲ್ಲ ತಿಳಿದುಕೊಂಡಿದ್ದ. ಅಂದಿನಿಂದ ನನ್ನ ಕುತೂಹಲ ಇನ್ನೂ ಹೆಚ್ಚಿತು. ಹೊಸ ಹಾಳೆ ತಂದೆ. ಮಳೆ, ಬಿಸಿಲು, ಜನಸಂದಣಿಯ ಜೊತೆಗೆ ಹಬ್ಬಗಳಿಗೂ ಒಂದು ಸಾಲು ಎಳೆದೆ. ಹೀಗೆ ನೋಡನೋಡುತ್ತ ಎರಡು ವರ್ಷ ಕಳೆಯಿತು.

ಮೂರನೆಯ ವರ್ಷದ ಸೆಪ್ಟೆಂಬರಿನಲ್ಲಿ ಮುನಿರಾಜು ಬೈಕಿನಲ್ಲಿ ಏದುಸಿರು ಬಿಡುತ್ತ ಬಂದ. ಏದುಸಿರು ಬೈಕಿನದು. ಹಾಲೆಂಡಿನಲ್ಲಿ ಅವನ ಹೂವು ಕೊಳ್ಳುವವರು ಒಂದು ಹೂವಿನ ಮೇಳಕ್ಕೆ ಬಾ ಎಂದು ಕರೆದಿದ್ದರಂತೆ. ಜೊತೆಗೆ ಇನ್ನೊಬ್ಬರನ್ನು ಕರೆತರಬಹುದಂತೆ. ಅವನ ಹೆಂಡತಿಗೆ ವಿಮಾನ ಎಂದರೆ ಜ್ವರ ಬರುತ್ತದೆ. “ನೀವು ಬನ್ನಿ ಭಾವ. ನಂಗೆ ಇಂಗ್ಲೀಷ್ ಬರಾಕಿಲ್ಲ, ಮ್ಯಾಪು ನೋಡಾಕೂ ಬರಾಕಿಲ್ಲ. ನೀವಿದ್ರೆ ಧೈರ್ಯ” ಎಂದ.

“ಯಾವ ತಿಂಗಳು?” ಎಂದೆ.

“ನವೆಂಬರ್.”

ನಾನು ಅವನನ್ನು ಕೈಹಿಡಿದು ಹಾಳೆಯ ಹತ್ತಿರ ಕರೆದುಕೊಂಡು ಹೋದೆ. ಕೆಂಪು ಕಂಬದಂತೆ ಮೇಲಿನಿಂದ ಕೆಳಗೆ ಇಳಿದಿದ್ದ ನವೆಂಬರನ್ನು ತೋರಿಸಿದೆ. ಪಶ್ಚಿಮ ಮಾರುತಗಳ ಬಗ್ಗೆ, ಸೂರ್ಯನ ಓರೆ ಕಿರಣಗಳ ಬಗ್ಗೆ, ಉತ್ತರ ಸಮುದ್ರದ ತೇವದ ಬಗ್ಗೆ ಹತ್ತು ನಿಮಿಷ ಹೇಳಿದೆ. ಮೇಳವನ್ನು ಏಪ್ರಿಲಿಗೆ ಹಾಕಿಕೊಳ್ಳಲು ಅವರಿಗೆ ಒಂದು ಕಾಗದ ಬರೆಯಬಹುದೆಂದೂ ಸೂಚಿಸಿದೆ. ಮುನಿರಾಜು ತಲೆ ತಗ್ಗಿಸಿ ಕೇಳಿದ. ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು.

“ನಾನು ಬತ್ತೀನಿ ಕಣ್ಲಾ” ಎಂದು ವಿಮಲ ಅಲ್ಲಿಂದಲೇ ಹೇಳಿದಳು.

ನಾನು ನಕ್ಕೆ. ಅವಳು ಹೊರಗೆ ಬಂದಳು. ಕೊರಳಲ್ಲಿ ಟೇಪು, ಬೆರಳಲ್ಲಿ ಸೂಜಿ. “ಅಲ್ಲಿ ಚಳಿ ಇರುತ್ತೆ ವಿಮಲ, ಕತ್ತಲೆ ಇರುತ್ತೆ, ಮಳೆಯಲ್ಲಿ ನಿನಗೆ ಏನೂ ಕಾಣುವುದಿಲ್ಲ” ಎಂದೆ. ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನು ಗೆಲ್ಲುತ್ತಿದ್ದೆ.

“ರೀ, ಈ ಹಾಳೇಲಿ ಮಳೆಗೊಂದು ಸಾಲೈತೆ, ಬಿಸ್ಲಿಗೊಂದು ಸಾಲೈತೆ, ಅವ್ರ ಹಬ್ಬಕ್ಕೂ ಒಂದು ಸಾಲೈತೆ. ನನ್ನ ಮಂಡಿಗೆ ಸಾಲು ಎಲ್ಲೈತೆ? ನೀವು ಶುರು ಮಾಡಿದಾಗ ನಾನು ಕೂತು ಎದ್ದೇಳ್ತಿದ್ದೆ. ಈಗ ಗೋಡೆ ಹಿಡ್ಕೊಂಡು ಎದ್ದೇಳ್ತೀನಿ. ನಿಮ್ಗೆ ಒಳ್ಳೆ ತಿಂಗ್ಳು ಸಿಗೋ ಹೊತ್ಗೆ ನನ್ನ ಯಾರು ಎತ್ಕೊಂಡ್ ಹೋಗ್ತಾರೆ?”

ಮುನಿರಾಜು ಕಾಫಿ ಇಲ್ಲದ ಲೋಟವನ್ನು ಕುಡಿಯುತ್ತಿದ್ದ. ನಾನೂ ಬರುತ್ತೇನೆ ಎಂದು ಆಗಲೇ ಹೇಳಬೇಕೆನ್ನಿಸಿತು. ಹೇಳಿದೆ ಕೂಡ. “ಪಾಸ್‌ಪೋರ್ಟು?” ಎಂದಳು. ಹತ್ತು ವರ್ಷದ ಆಯುಸ್ಸನ್ನು ನಾನು ಎಷ್ಟು ಜೋಪಾನವಾಗಿ ಕಾಪಾಡಿದ್ದೆನೆಂದರೆ ಅದು ಹುಟ್ಟಿಯೇ ಇರಲಿಲ್ಲ. ಕರೆದವರಿಗೆ ಇಬ್ಬರ ವಿವರ ಎರಡು ದಿನದೊಳಗೆ ಕಳಿಸಬೇಕಾಗಿತ್ತು.

ಹೀಗೆ ನನ್ನ ಹೆಂಡತಿ, ಭೂಗೋಳದಿಂದ ಓದು ಬಿಟ್ಟ ತನ್ನ ತಮ್ಮನ ಜೊತೆ, ಅತ್ಯಂತ ಕೆಟ್ಟ ತಿಂಗಳಿನಲ್ಲಿ ಯುರೋಪಿಗೆ ಹೋದಳು. ನನ್ನ ಮಫ್ಲರ್, ನನ್ನ ಕೊಡೆ, ಒಂದು ಡಬ್ಬಿ ಹುರಿಹಿಟ್ಟು ತೆಗೆದುಕೊಂಡು ಹೋದಳು. ಒಂಬತ್ತು ದಿನ. ನಾನು ಮನೆಯಲ್ಲಿ ಅನ್ನ ಮಾಡಿಕೊಂಡು, ಪಕ್ಕದ ಮನೆಯವರು ಕೊಟ್ಟ ಸಾರು ಹಾಕಿಕೊಂಡು, ಅವಳ ಫೋನಿಗಾಗಿ ಕಾಯುತ್ತಿದ್ದೆ. ಅಲ್ಲಿ ಮಧ್ಯಾಹ್ನ ಹನ್ನೆರಡಾದಾಗ ನಮಗೆ ನಾಲ್ಕೂವರೆ. ಸ್ಕೂಲು ಬಿಟ್ಟು ಮನೆಗೆ ಬರುವುದಕ್ಕೂ ಅವಳ ಮುಖ ಫೋನಿನಲ್ಲಿ ಕಾಣುವುದಕ್ಕೂ ಸರಿಹೋಗುತ್ತಿತ್ತು. ಮೊದಲ ದಿನ ನಾನು ಕೇಳಿದ ಮೊದಲ ಪ್ರಶ್ನೆ ಊಟ ಆಯಿತೇ ಎಂದಲ್ಲ.

“ಮಳೆ ಇದೆಯಾ?”

“ಐತೆ.”

“ಚಳಿ?”

“ಐತೆ.”

“ಅಲ್ಲಿ ಕತ್ತಲೆಯಾದ ಹಾಗಿದೆಯಲ್ಲ?”

“ಈಗ ಮಧ್ಯಾಹ್ನ ರೀ. ಮೋಡ.”

ನನಗೆ ಆದ ಸಮಾಧಾನ ಹೇಳತೀರದು. ನನ್ನ ಹಾಳೆ ನಿಜವಾಗಿತ್ತು. ಮಾರನೆಯ ದಿನ ತರಗತಿಯಲ್ಲಿ, ಪಶ್ಚಿಮ ಯುರೋಪಿನಲ್ಲಿ ನಿನ್ನೆ ಮಳೆ ಬಂತೆಂದು ಬೇರಿಕೆಯಲ್ಲಿ ಬಂದ ಮಳೆಯಷ್ಟು ಖಚಿತವಾಗಿ ಹೇಳಿದೆ.

ಮೂರನೆಯ ದಿನ ಅವಳು ನಾಲ್ಕೂವರೆಗೆ ಫೋನು ಮಾಡಲಿಲ್ಲ. ಐದಾಯಿತು, ಆರಾಯಿತು. ನಾನು ಹಾಲಿನಲ್ಲಿ ಹಾಳೆಯ ಮುಂದೆ ಅತ್ತಿಂದಿತ್ತ ಓಡಾಡಿದೆ. ಮುನಿರಾಜುವಿಗೆ ಮಾಡಿದರೆ, “ಅಕ್ಕ ಹೂವಿನ್ ಅಂಗ್ಡೀಲಿ ಕುಂತವ್ಳೆ ಭಾವ, ಎದ್ದು ಬರಾಕಿಲ್ಲ ಅಂತಾಳೆ” ಎಂದ. ಏಳು ಗಂಟೆಗೆ ಕೊನೆಗೂ ಅವಳ ಮುಖ ಕಂಡಿತು. ತಲೆಗೆ ನನ್ನ ಮಫ್ಲರ್, ಹಿಂದೆ ಬಕೆಟ್ಟುಗಳಲ್ಲಿ ಹೂವು, ಅವುಗಳ ಹಿಂದೆ ಕಾಲುವೆಯ ನೀರಿನ ಮೇಲೆ ಮಳೆ. ಹೂವು ಕೊಳ್ಳುವ ಕಂಪನಿಯವರು ಅವರನ್ನು ತಮ್ಮಿಂದ ಹೂವು ಹೋಗುವ ಒಂದು ಅಂಗಡಿಗೆ ಕರೆದೊಯ್ದಿದ್ದರಂತೆ. ಅಲ್ಲಿ ಒಂದು ಬಕೆಟ್ಟಿನಲ್ಲಿ ಬೇರಿಕೆಯ ಗುಲಾಬಿ ಇತ್ತು. ಸುತ್ತಿದ ಕಾಗದ ನೋಡಿದೊಡನೆ ಅವಳಿಗೆ ಗೊತ್ತಾಯಿತಂತೆ. ಅಂಗಡಿಯಾಕೆ ಅರವತ್ತು ದಾಟಿದವಳು, ಹೆಸರು ಯಾನೆಕೆ. ಮುನಿರಾಜು ಆಗಲೇ ಅವಳನ್ನು ಜಾನಕ್ಕ ಮಾಡಿಬಿಟ್ಟಿದ್ದ. ‘ಈ ಕಟ್ಟು ಕಟ್ಟೋದು ನಮ್ಮ ಮನೇಲಿ’ ಎಂದು ವಿಮಲ ಇಂಗ್ಲಿಷಿನಲ್ಲಿ ಹೇಳಿದಾಗ ಆ ಹೆಂಗಸು ಒಂದು ನಿಮಿಷ ಅವಳ ಬೆರಳುಗಳನ್ನೇ ಹಿಡಿದುಕೊಂಡು ನೋಡಿದಳಂತೆ. ಆಮೇಲೆ ಒಂದು ಸ್ಟೂಲು ಹಾಕಿ, ಬಿಸಿ ಟೀ ಕೊಟ್ಟು ಕೂರಿಸಿಕೊಂಡಳಂತೆ.

“ಬೆಳಿಗ್ಗೆಯಿಂದ ಇಲ್ಲೇ ಕೂತಿದೀನಿ ರೀ. ಒಬ್ಬ ಮುದುಕ ಬಂದ. ಒಂದೇ ಒಂದು ಗುಲಾಬಿ ತಗೊಂಡ. ವಾರಕ್ಕೊಂದ್ಸಲ ಬತ್ತಾನಂತೆ, ಆಸ್ಪತ್ರೇಲಿರೋ ಹೆಂಡ್ತಿಗೆ. ಮಳೇಲಿ ನೆನೀಬಾರ್ದು ಅಂತ ಕೋಟಿನೊಳಗೆ ಇಟ್ಕೊಂಡು ಹೋದ. ಆ ಹೂವ ನಾನೇ ಸುತ್ತಿ ಕೊಟ್ಟೆ.” ಅವಳು ತನ್ನ ಬೆರಳುಗಳನ್ನು ಫೋನಿನ ಮುಂದೆ ಹಿಡಿದಳು. “ಇಷ್ಟು ವರ್ಷ ಬರೀ ಪೆಟ್ಟಿಗೆಗೆ ತುಂಬಿದ್ದು. ಇವತ್ತು ಕೈಗೆ ಕೊಟ್ಟೆ.”

ನಾನು, “ಹಾಗಾದರೆ ಕಾಲುವೆಯ ದೋಣಿ? ಮ್ಯೂಸಿಯಂ? ಏನೂ ನೋಡಲಿಲ್ಲವಾ?” ಎಂದೆ. ಬೇರೆ ಯಾವ ಗಂಡನಾದರೂ ಇನ್ನೇನಾದರೂ ಹೇಳುತ್ತಿದ್ದನೇನೋ.

“ಬೇಸ್ಗೇಲಿ ಬಂದಿದ್ರೆ ಈ ಅಂಗ್ಡೀನೇ ತೆಗ್ದಿರ್ತಿರಲಿಲ್ವಂತೆ” ಎಂದಳು. ಫೋನು ಇಟ್ಟ ಮೇಲೆ ನಾನು ಹಾಳೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ನವೆಂಬರ್ ಕೆಂಪಗೇ ಇತ್ತು. ಮಳೆಗೆ ಸರಿ, ಚಳಿಗೆ ಸರಿ, ಕತ್ತಲೆಗೆ ಸರಿ. ಕೋಟಿನೊಳಗೆ ಗುಲಾಬಿ ಇಟ್ಟುಕೊಂಡು ಮಳೆಯಲ್ಲಿ ನಡೆದುಹೋದ ಮುದುಕನನ್ನು ಯಾವ ಬಣ್ಣದಲ್ಲಿ ಬರೆಯಬೇಕೋ ನನಗೆ ತಿಳಿಯಲಿಲ್ಲ. ಆ ದಿನ ಪಕ್ಕದ ಮನೆಯ ಸಾರು ಯಾಕೋ ಸೇರಲಿಲ್ಲ.

ಪ್ಯಾರಿಸ್ಸಿನಲ್ಲಿ ಎರಡು ದಿನ ಇದ್ದರು. ಐಫೆಲ್ ಗೋಪುರ ನೋಡಿದೆಯಾ ಎಂದು ಕೇಳಿದ್ದಕ್ಕೆ, “ಕಾಲು ನೋಡಿದೆ. ತಲೆ ಮೋಡದಾಗಿತ್ತು” ಎಂದಳು. ವಾಪಸು ಬಂದಾಗ ಅವಳ ಮಂಡಿ ಊದಿಕೊಂಡಿತ್ತು. ಮುಖ ಮಾತ್ರ ಹತ್ತು ವರ್ಷ ಚಿಕ್ಕದಾಗಿತ್ತು. ನನಗೆ ಹೊಟ್ಟೆಕಿಚ್ಚಾಯಿತು ಎಂದು ಬೇರೆ ಹೇಳಬೇಕಿಲ್ಲ. ಒಂದು ತಿಂಗಳು ರವಿಕೆ ಹೊಲಿಸಲು ಬಂದವರೆಲ್ಲ ಹಾಳೆಯ ಕಡೆ ನೋಡದೆ ನೇರ ಅವಳ ಹತ್ತಿರ ಹೋಗಿ ಯುರೋಪಿನ ಬಗ್ಗೆ ಕೇಳಿದರು. ನಾನು ಒಂದು ದಿನ ಹಾಳೆಯನ್ನು ತೆಗೆದು ಸುರುಳಿ ಸುತ್ತಿಟ್ಟೆ. ತೆಗೆದ ಜಾಗದಲ್ಲಿ ಗೋಡೆ ಬೆಳ್ಳಗೆ ಉಳಿದಿತ್ತು.

ಆಮೇಲಿನ ಬೇಸಿಗೆಯಲ್ಲಿ ಜಾನಕ್ಕ ಫೋನು ಮಾಡಿದರು. ಅಂಗಡಿಗೆ ರಜೆ ಹಾಕಿ ಹೊಸೂರಿಗೆ ಬಂದು ಹೂವು ಬೆಳೆಯುವ ಜಾಗ ನೋಡುವ ಆಸೆ ಅವರಿಗೆ. ಯಾವ ಕಾಲದಲ್ಲಿ ಬಂದರೆ ಚೆನ್ನ ಎಂದು ಕೇಳಿದರು. ವಿಮಲ ನನ್ನತ್ತ ನೋಡಿ, “ನಮ್ಮನೆಯವ್ರು ಅದ್ರಲ್ಲಿ ಎಕ್ಸ್‌ಪರ್ಟು” ಎಂದು ಇಂಗ್ಲಿಷಿನಲ್ಲಿ ಹೇಳಿ ಫೋನನ್ನು ನನ್ನ ಕೈಗೆ ಕೊಟ್ಟಳು. ನಾನು ಗಂಟಲು ಸರಿಮಾಡಿಕೊಂಡೆ. ಡಿಸೆಂಬರ್ ಜನವರಿ ಚೆನ್ನ, ಆದರೆ ಬೆಳಿಗ್ಗೆ ಮಂಜಿನಲ್ಲಿ ಏನೂ ಕಾಣುವುದಿಲ್ಲ. ಫೆಬ್ರವರಿಯಲ್ಲಿ ಹೂವಿನವರಿಗೆ ಉಸಿರಾಡಲು ಬಿಡುವಿರುವುದಿಲ್ಲ. ಮಾರ್ಚ್ ಏಪ್ರಿಲ್ ಬಿಸಿಲು. ಮೇ ತಿಂಗಳಲ್ಲಿ ಮಾವು, ಆದರೆ ಗುಡುಗು ಮಳೆ. ಜುಲೈ ಆಗಸ್ಟಿನಲ್ಲಿ ಮನುಷ್ಯರನ್ನೇ ಹಾರಿಸಿಕೊಂಡು ಹೋಗುವ ಗಾಳಿ. ಅಕ್ಟೋಬರಿನಲ್ಲಿ... ಐವತ್ತೈದು ವರ್ಷ ನಾನು ಬಾಳಿದ ಊರಿಗೆ ಒಂದೇ ಒಂದು ಒಳ್ಳೆಯ ತಿಂಗಳು ನನ್ನ ಬಾಯಲ್ಲಿ ಬರಲಿಲ್ಲ. ಆಚೆ ಕಡೆ ಆ ಹೆಂಗಸು ಗಾಬರಿಯಿಂದ, ‘ಮತ್ತೆ ನೀವೆಲ್ಲ ಅಲ್ಲಿ ಹೇಗಿದ್ದೀರಿ?’ ಎಂದರು. ವಿಮಲ ನನ್ನ ಕೈಯಿಂದ ಫೋನು ಕಿತ್ತುಕೊಂಡು, “ಯಾವಾಗ ರಜವೋ ಆವಾಗ ಬನ್ನಿ” ಎಂದಳು.

ಆಗಸ್ಟಿನಲ್ಲಿ ಬಂದರು. ಬಂದ ದಿನವೇ ಗಾಳಿ ಅವರ ಟೋಪಿಯನ್ನು ಹಾರಿಸಿತು. ಅವರು ಅದರ ಹಿಂದೆ ಓಡಿ ನಕ್ಕರು. ಬೇರಿಕೆಯಲ್ಲಿ ಪಾಲಿಹೌಸಿನೊಳಗೆ ನಿಂತು ಒಂದು ಮೊಗ್ಗನ್ನು ಬಹಳ ಹೊತ್ತು ಮುಟ್ಟಿ ನೋಡಿದರು. ರಾಗಿಮುದ್ದೆಯನ್ನು ಅಗಿದರು, ನುಂಗಬೇಕೆಂದು ಮುನಿರಾಜು ಕೈಸನ್ನೆಯಲ್ಲಿ ಹೇಳಿಕೊಟ್ಟ. ಹೊರಡುವ ಮುಂಚಿನ ದಿನ ನಮ್ಮ ಸ್ಕೂಲು ನೋಡಬೇಕೆಂದರು. ಒಂಬತ್ತನೆಯ ತರಗತಿಗೆ ಕರೆದುಕೊಂಡು ಹೋದೆ. ಯುರೋಪೇ ಮನುಷ್ಯರೂಪದಲ್ಲಿ ಬಂದದ್ದನ್ನು ಮಕ್ಕಳು ಕಣ್ಣರಳಿಸಿ ನೋಡಿದರು. ಕೊನೆಗೆ ಮುಂದಿನ ಬೆಂಚಿನ ಒಬ್ಬಳು ಧೈರ್ಯ ಮಾಡಿ, ನಿಮ್ಮೂರಿಗೆ ಯಾವ ತಿಂಗಳಲ್ಲಿ ಬಂದರೆ ಚೆನ್ನಾಗಿರುತ್ತೆ ಎಂದು ಕೇಳಿದಳು. ನಾನು ಅದನ್ನು ಇಂಗ್ಲಿಷಿಗೆ ಮಾಡಿ ಹೇಳಿದೆ.

ಆ ತಾಯಿ ಸ್ವಲ್ಪ ಯೋಚಿಸಿದರು. ಆಮೇಲೆ ಪೂರ್ಣ ವಿಶ್ವಾಸದಿಂದ ನನ್ನತ್ತ ಕೈ ತೋರಿಸಿ, ‘ನಿಮ್ಮ ಮೇಷ್ಟರನ್ನೇ ಕೇಳಿ, ಅವರಿಗೆ ನನಗಿಂತ ಹೆಚ್ಚು ಗೊತ್ತಿದೆಯಂತೆ’ ಎಂದರು. ಇದನ್ನೂ ನಾನೇ ಕನ್ನಡಕ್ಕೆ ಮಾಡಿ ಹೇಳಬೇಕಾಯಿತು. ನಲವತ್ತು ಜೊತೆ ಕಣ್ಣು ನನ್ನ ಕಡೆ ತಿರುಗಿದವು. ಸೀಮೆಸುಣ್ಣ ಕೈಗೆತ್ತಿಕೊಂಡೆ. ಹಲಗೆಯ ಕಡೆ ತಿರುಗಿದೆ. ಹನ್ನೆರಡು ತಿಂಗಳೂ ಒಂದರ ಹಿಂದೊಂದು ಕಣ್ಣ ಮುಂದೆ ಬಂದು ಹೋದವು. ಮತ್ತೆ ಮಕ್ಕಳ ಕಡೆ ತಿರುಗಿ, ಮೂವತ್ತು ವರ್ಷದ ಸರ್ವಿಸಿನಲ್ಲಿ ಮೊದಲ ಸಲ ಆಡಬೇಕಾಗಿ ಬಂದ ಮಾತನ್ನು ಆಡಿದೆ:

“ಮನೆಯಲ್ಲಿ ಕೇಳಿಕೊಂಡು ಬಂದು ನಾಳೆ ಹೇಳುತ್ತೇನೆ.”